ಹಬ್ಬದ ದೀಪ, ಹಬ್ಬದ ಬೆಂಕಿ



ನಂಜನಗೂಡು ತಾಲ್ಲೂಕಿನ ಹೆಡತಲೆಯನ್ನು ನೋಡಿದವರಿಗೆ ಅಲ್ಲಿಯ ಲಕ್ಷ್ಮೀಕಾಂತ ದೇವಾಲಯ ನೆನಪಿರುತ್ತದೆ. ಹೊಯ್ಸಳರ ಕಾಲದ ಕಲ್ಲಿನ ಕಟ್ಟಡ. ಅಲ್ಲಿಯ ಹದಿನಾರು ಮುಖದ ಚಾವಡಿಯ ಬಗ್ಗೆ ಜನ ಒಂದು ಕತೆ ಹೇಳುತ್ತಾರೆ. ಊರನ್ನಾಳುತ್ತಿದ್ದ ನಾಯಕನಿಗೆ ಹದಿನಾರು ಮಂದಿ ಅಳಿಯಂದಿರಂತೆ. ಯಾರಿಗೆ ಮುಂದಿನ ಜಾಗ, ಯಾರಿಗೆ ಹಿಂದಿನ ಜಾಗ ಎಂಬ ಮುನಿಸು ಬಾರದಿರಲೆಂದು ಚಾವಡಿಗೆ ಹದಿನಾರು ಮುಖ ಮಾಡಿಸಿದನಂತೆ. ಕತೆ ಇರಲಿ. ಇತಿಹಾಸದಲ್ಲಿ ಆಸಕ್ತಿಯಿರುವ ನನಗೆ ಅಲ್ಲಿ ಹೊಳೆಯುವುದು ಬೇರೊಂದು ಸಂಗತಿ. ಕಲ್ಲಿನಲ್ಲಿ ಕಟ್ಟಿದ್ದು ಉಳಿದಿದೆ. ಅದರ ಸುತ್ತ ತಲೆಮಾರಿನಿಂದ ತಲೆಮಾರಿಗೆ ಜನ ಕಟ್ಟಿಕೊಂಡ ಮಣ್ಣು ಗೋಡೆಯ, ಹುಲ್ಲು ಸೋಗೆ ಹೊದಿಸಿದ ಮನೆಗಳು ಉಳಿದಿಲ್ಲ. ಅವುಗಳಲ್ಲಿ ಎಷ್ಟನ್ನು ಮಳೆ ತಿಂದಿತು, ಎಷ್ಟನ್ನು ಗೆದ್ದಲು ತಿಂದಿತು, ಎಷ್ಟನ್ನು ಬೆಂಕಿ ತಿಂದಿತು ಎಂಬ ಲೆಕ್ಕವನ್ನು ಯಾರೂ ಶಾಸನದಲ್ಲಿ ಬರೆಸುವುದಿಲ್ಲ. ಬಡವರ ಮನೆ ಸುಟ್ಟದ್ದು ಇತಿಹಾಸಕ್ಕೆ ಸೇರುವುದು ತೀರ ಅಪರೂಪ.

ಆದರೆ ನೆನಪಿಗೆ ಸೇರುತ್ತದೆ. ನಮ್ಮ ಸೀಮೆಯ ಯಾವ ಹಳ್ಳಿಯಲ್ಲಾದರೂ ವಯಸ್ಸಾದವರನ್ನು ಕೇಳಿ ನೋಡಿ. ಸುಗ್ಗಿ ಮುಗಿದು, ಹುಲ್ಲಿನ ಮೆದೆ ಮನೆಯ ಮಗ್ಗುಲಿಗೇ ಬಂದು ಕೂತು, ಬೇಸಗೆಯ ಗಾಳಿ ಎದ್ದ ಮೇಲೆ ಹೆಂಗಸರಿಗೆ ಒಲೆಯದೇ ಚಿಂತೆ. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವನಿಗೆ ಗಾಳಿ ಯಾವ ಕಡೆಗೆ ಎಂಬುದರ ಮೇಲೆ ಸದಾ ಕಣ್ಣು. ಒಂದು ಸೂರಿಗೆ ಕಿಡಿ ತಾಗಿದರೆ ಒಂದು ಕೇರಿಯೇ ಹೋದಂತೆ. ಆಗ ಏನು ಮಾಡುತ್ತಿದ್ದರು? ಮೊದಲು ಕೊಟ್ಟಿಗೆಯ ದನಗಳ ಹಗ್ಗ ಕೊಯ್ಯುವುದು. ಆಮೇಲೆ ಹತ್ತಿದ ಮನೆಯನ್ನು ಬಿಟ್ಟು ಅದರ ಪಕ್ಕದ, ಇನ್ನೂ ಹತ್ತದ ಮನೆಯ ಸೂರನ್ನು ಕಿತ್ತು ಎಳೆದು ಹಾಕುವುದು. ಗೋಣಿಚೀಲ ನೆನೆಸಿ ಗಾಳಿಯ ದಿಕ್ಕಿನ ಸೂರುಗಳ ಮೇಲೆ ಎಸೆಯುವುದು. ಬಾವಿಯಿಂದ ಕೊಡ, ಕೊಡದಿಂದ ಕೈ, ಕೈಯಿಂದ ಕೈ. ಯಾರ ಕೊಡ ಯಾರ ಕೈಗೆ ಬಂತು ಎಂದು ಕೇಳುವಷ್ಟು ಸಮಯ ಆಗ ಯಾರಿಗೂ ಇರುವುದಿಲ್ಲ. ಬೇರೆ ದಿನಗಳಲ್ಲಿ ಆ ಪ್ರಶ್ನೆಯನ್ನು ನಮ್ಮ ಊರುಗಳು ಎಷ್ಟು ಗಟ್ಟಿಯಾಗಿ ಕೇಳುತ್ತಿದ್ದವು ಎಂಬುದು ನಿಮಗೆ ಗೊತ್ತೇ ಇದೆ.

ಬೆಂಕಿಯನ್ನು ಬಲ್ಲ ಜನ ಇವರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವವರು, ಮಾರಮ್ಮನ ಹಬ್ಬಕ್ಕೆ ಕೊಂಡ ಹಾಯುವವರು. ಆ ಕಿಚ್ಚನ್ನು ಹಾಕುವುದು ಊರ ಹೊರಗಿನ ಬಯಲಿನಲ್ಲಿಯೇ ಹೊರತು ಮೆದೆಗಳ ನಡುವೆ ಅಲ್ಲ. ಅಷ್ಟು ಬುದ್ಧಿಗೆ ಯಾವ ಕಾನೂನೂ ಬೇಕಾಗಿರಲಿಲ್ಲ.

ಹಾಗಾದರೆ ಪಕ್ಕದ ಮನೆಯ ಬೆಂಕಿಗೆ ಓಡಿ ಹೋಗುವುದು ದಯೆಯೋ, ಕರ್ತವ್ಯವೋ? ಈ ಪ್ರಶ್ನೆಗೆ ನಮ್ಮ ದೇಶದ ಬಹಳ ಹಳೆಯ ಉತ್ತರವೊಂದು ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿಯೇ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ರಾಜ್ಯಭಾರ, ಗೂಢಚಾರರು, ಯುದ್ಧ ಎಂದೇ ಎಲ್ಲರೂ ಮಾತನಾಡುವ ಆ ಗ್ರಂಥದಲ್ಲಿ ನಗರದ ಬೆಂಕಿಯ ಬಗ್ಗೆ ಪುಟ್ಟದೊಂದು ಭಾಗವಿದೆ. ಬೇಸಗೆಯಲ್ಲಿ ಹಗಲು ನೆತ್ತಿಗೆ ಬಿಸಿಲೇರಿದ ಹೊತ್ತಿನಲ್ಲಿ ಮನೆಯೊಳಗೆ ಒಲೆ ಹಚ್ಚಬಾರದು, ಅಡುಗೆ ಬೇಕಿದ್ದರೆ ಹೊರಗೆ ಮಾಡಿಕೊಳ್ಳಬೇಕು. ಪ್ರತಿ ಮನೆಯಲ್ಲೂ ನೀರಿನ ಕೊಡಗಳು, ಏಣಿ, ಕೊಡಲಿ, ಹುಲ್ಲು ಎಳೆಯುವ ಕೊಕ್ಕೆ, ತೊಗಲಿನ ಚೀಲ ಇರಬೇಕು. ಬೆಂಕಿಯಿಂದ ಕಸುಬು ಮಾಡುವವರೆಲ್ಲ ಒಂದೇ ಕಡೆ ಇರಬೇಕು. ಬೀದಿಗಳಲ್ಲೂ ಚೌಕಗಳಲ್ಲೂ ನೀರು ತುಂಬಿದ ಮಡಕೆಗಳನ್ನು ಸಾವಿರಗಟ್ಟಲೆ ಸಾಲಾಗಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಬೆಂಕಿ ಬಿದ್ದಾಗ ನಂದಿಸಲು ಓಡಿ ಬಾರದ ಮನೆಯೊಡೆಯನಿಗೆ 12 ಪಣ ದಂಡ, ಬಾಡಿಗೆಗೆ ಇರುವವನಿಗೆ 6 ಪಣ. ಒಡೆಯನಿಗೆ ಎರಡರಷ್ಟು! ಆಸ್ತಿ ಹೆಚ್ಚಿದ್ದವನ ಹೊಣೆಯೂ ಹೆಚ್ಚು ಎಂಬ ಈ ಲೆಕ್ಕ ನನಗೆ ಹಿಡಿಸಿದೆ.

ಇದೇ ಪ್ರಶ್ನೆಗೆ ರೋಮ್ ಸಾಮ್ರಾಜ್ಯ ಕೊಟ್ಟ ಉತ್ತರ ತದ್ವಿರುದ್ಧ. ಕ್ರಿಸ್ತಶಕ 110ರ ಸುಮಾರಿಗೆ ಪ್ಲಿನಿ ಎಂಬುವನು ಈಗಿನ ಟರ್ಕಿ ದೇಶದ ಉತ್ತರ ಭಾಗದಲ್ಲಿ ರಾಜ್ಯಪಾಲನಾಗಿದ್ದ. ನಿಕೊಮೀದಿಯ ಪಟ್ಟಣದಲ್ಲಿ ದೊಡ್ಡ ಬೆಂಕಿ ಬಿದ್ದು ಅನೇಕ ಮನೆಗಳೂ ಎರಡು ಸಾರ್ವಜನಿಕ ಕಟ್ಟಡಗಳೂ ಸುಟ್ಟುಹೋದವು. ಅವನು ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಬೆಂಕಿ ಹಬ್ಬಲು ಗಾಳಿ ಒಂದು ಕಾರಣವಾದರೆ, ಜನ ಕೈಕಟ್ಟಿ ನಿಂತು ನೋಡುತ್ತಿದ್ದದ್ದು ಇನ್ನೊಂದು ಕಾರಣ ಎಂದು ಅವನ ದೂರು. ಪಟ್ಟಣದಲ್ಲಿ ಒಂದು ನೀರೆತ್ತುವ ಯಂತ್ರವಾಗಲಿ ಒಂದು ಬಕೆಟ್ಟಾಗಲಿ ಇರಲಿಲ್ಲ. ಆದ್ದರಿಂದ 150 ಮಂದಿಯ ಅಗ್ನಿಶಾಮಕ ಕೂಟವೊಂದನ್ನು ಕಟ್ಟಲು ಅಪ್ಪಣೆಯಾಗಬೇಕು, ಕಸುಬುದಾರರನ್ನು ಬಿಟ್ಟು ಬೇರೆ ಯಾರನ್ನೂ ಸೇರಿಸುವುದಿಲ್ಲ ಎಂದು ಕೇಳಿಕೊಂಡ. ಚಕ್ರವರ್ತಿ ಒಪ್ಪಲಿಲ್ಲ. ಯಾವ ಹೆಸರಿನಿಂದ ಸೇರಿದರೂ ಜನ ಒಂದು ಕೂಟವಾದರೆಂದರೆ ಅದು ಬೇಗನೆ ರಾಜಕೀಯ ಗುಂಪಾಗುತ್ತದೆ; ಸಲಕರಣೆಗಳನ್ನು ಒದಗಿಸಿ ಸಾಕು ಎಂಬುದು ಅವನ ಉತ್ತರದ ಸಾರ.

ಈ ಪ್ಲಿನಿ ಯಾರೆಂದು ನಮ್ಮಲ್ಲಿ ಧರ್ಮಸಭೆಯ ಚರಿತ್ರೆ ಓದಿದವರಿಗೆ ಗೊತ್ತಾಗಿರಬೇಕು. ಸೂರ್ಯ ಹುಟ್ಟುವ ಮುಂಚೆ ಗೊತ್ತಾದ ದಿನ ಒಟ್ಟುಗೂಡಿ, ಕ್ರಿಸ್ತನನ್ನು ದೇವರೆಂದು ಹಾಡಿ, ಕಳ್ಳತನ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಪ್ರತಿಜ್ಞೆ ಮಾಡುವ ಜನರನ್ನು ಏನು ಮಾಡಬೇಕು ಎಂದು ಇದೇ ಟ್ರಾಜನ್‌ನನ್ನು ಕೇಳಿದವನೂ ಇವನೇ. ಕೂಟಗಳನ್ನು ನಿಷೇಧಿಸಿದ ಮೇಲೆ ಅವರು ಒಟ್ಟಿಗೆ ಊಟ ಮಾಡುವುದನ್ನು ಬಿಟ್ಟರು ಎಂದೂ ಅವನು ಬರೆಯುತ್ತಾನೆ. ಗುರುಮಠದಲ್ಲಿ ಈ ಎರಡನೆಯ ಪತ್ರವನ್ನು ನಮಗೆ ಪಾಠ ಮಾಡಿದ್ದರು. ಮೊದಲನೆಯದನ್ನು ಪಕ್ಕದಲ್ಲಿಟ್ಟು ಓದಿದಾಗಲೇ ಒಳಗಿನ ಸಂಬಂಧ ತಿಳಿಯುವುದು. ಬೆಂಕಿ ನಂದಿಸಲು ಸೇರುವ ನೂರೈವತ್ತು ಮಂದಿಯನ್ನೂ, ಪ್ರಾರ್ಥನೆಗೆ ಸೇರುವ ಕ್ರೈಸ್ತರನ್ನೂ ಸಾಮ್ರಾಜ್ಯ ಒಂದೇ ಕಾರಣಕ್ಕೆ ಅನುಮಾನಿಸಿತು. ತಾವಾಗಿಯೇ ಒಂದಾಗುವ ಜನರನ್ನು ಕಂಡರೆ ಅದಕ್ಕೆ ಭಯ. ಆ ಭಯಕ್ಕೆ ಬೆಂಕಿಯ ಹಿನ್ನೆಲೆಯೂ ಇತ್ತು. ಕ್ರಿಸ್ತಶಕ 64ರಲ್ಲಿ ರೋಮ್ ನಗರ ಹೊತ್ತಿ ಉರಿದಾಗ ಆ ಅಪವಾದವನ್ನು ನೀರೋ ಕ್ರೈಸ್ತರ ಮೇಲೆ ಹೊರಿಸಿದ. ಜೂನ್ 30ರಂದು ನಾವು ಸ್ಮರಿಸುವ ರೋಮಿನ ಮೊದಲ ರಕ್ತಸಾಕ್ಷಿಗಳು ಆ ಸುಳ್ಳಿಗೆ ಬಲಿಯಾದವರು. ಬೆಂಕಿ ಇಟ್ಟವರೆಂದು ಹೆಸರು ಪಡೆದ ಸಮುದಾಯದಿಂದಲೇ ಅಗ್ನಿಶಾಮಕರ ಪಾಲಕ ಸಂತರು ಬಂದದ್ದು ದೇವರ ಆಟ. ಸಂತ ಫ್ಲೋರಿಯನ್‌ರು ಈಗಿನ ಆಸ್ಟ್ರಿಯದಲ್ಲಿದ್ದ ರೋಮನ್ ಅಧಿಕಾರಿ. 304ರಲ್ಲಿ, ಡಯೊಕ್ಲೀಷಿಯನ್‌ನ ಕಾಲದಲ್ಲಿ, ಕೊರಳಿಗೆ ಕಲ್ಲು ಕಟ್ಟಿ ಅವರನ್ನು ಎನ್ಸ್ ನದಿಗೆ ನೂಕಿದರು. ಹಬ್ಬ ಮೇ 4. ಉರಿಯುವ ಮನೆಯ ಮೇಲೆ ಬಕೆಟ್ಟಿನಿಂದ ನೀರು ಸುರಿಯುತ್ತಿರುವ ಸೈನಿಕನ ಚಿತ್ರ ಕಂಡರೆ ಅದು ಅವರದೇ.

ಈಗ ಈ ತಿಂಗಳ ಹಬ್ಬಕ್ಕೆ ಬರೋಣ.

ಡಿಸೆಂಬರ್ 8 ಅಮಲೋದ್ಭವಿ ಮಾತೆ ಮರಿಯಮ್ಮನವರ ಹಬ್ಬ. 1854ರ ಇದೇ ದಿನ ಪರಮಪೂಜ್ಯ ಒಂಬತ್ತನೆಯ ಪಯಸ್‌ರು ಈ ವಿಶ್ವಾಸ ಸತ್ಯವನ್ನು ಘೋಷಿಸಿದರು. ಲೋಕದ ಕಥೋಲಿಕರೆಲ್ಲ ಅದನ್ನು ಸಂಭ್ರಮದಿಂದ ಬರಮಾಡಿಕೊಂಡರು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಂತೂ ನವೆಂಬರ್ 8ರಿಂದ ಡಿಸೆಂಬರ್ 8ರವರೆಗೆ ಒಂದು ತಿಂಗಳು ಪೂರ್ತಿ ಮಾತೆ ಮರಿಯಮ್ಮನವರ ತಿಂಗಳು. ಅಲ್ಲಿ ಅದು ಹೂ ಅರಳುವ ವಸಂತ ಕಾಲ. ರಾಜಧಾನಿ ಸಾಂತಿಯಾಗೊದ ನಡುವೆ, ಹಿಂದೆ ಯೇಸುಸಭೆಯವರದಾಗಿದ್ದ ದೊಡ್ಡದೊಂದು ದೇವಾಲಯವಿತ್ತು. 1863ರ ಡಿಸೆಂಬರ್ 8ರ ಸಂಜೆ ಅಲ್ಲಿ ತಿಂಗಳ ಸಮಾರೋಪ. ನಮ್ಮ ಹಬ್ಬಗಳಂತೆಯೇ ಎನ್ನಿ. ಹೊತ್ತಿಗೆ ಮುಂಚೆಯೇ ಜನ, ಅದರಲ್ಲೂ ಹೆಂಗಸರು ಮಕ್ಕಳು, ಜಾಗ ಹಿಡಿಯಲು ಬಂದು ಕಿಕ್ಕಿರಿದಿದ್ದರು. ಪೀಠದಿಂದ ಚಾವಣಿಯವರೆಗೆ ತೆಳುಬಟ್ಟೆಯ ತೆರೆಗಳು, ಕಾಗದದ ಹೂಗಳು, ಸಾವಿರಾರು ದೀಪಗಳು. ಚಾವಣಿ ಮರದ್ದು. ಇನ್ನಷ್ಟು ಜನ ಹಿಡಿಸಲೆಂದು ಪಕ್ಕದ ಬಾಗಿಲುಗಳನ್ನು ಮುಚ್ಚಿದ್ದರು. ಅವು ಒಳಕ್ಕೆ ತೆರೆಯುವ ಬಾಗಿಲುಗಳು.

ಸಂಜೆ ಏಳು ಗಂಟೆಯ ಹೊತ್ತು. ಆರಾಧನೆ ಇನ್ನೂ ಶುರುವಾಗಿರಲಿಲ್ಲ. ಮುಖ್ಯ ಪೀಠದ ಮೇಲಿನ ದೀಪವೊಂದರಿಂದ ತೆರೆಗೆ ಬೆಂಕಿ ತಾಗಿತು. ಯಾರೋ ಇನ್ನೊಂದು ಬಟ್ಟೆಯಿಂದ ಅದನ್ನು ಬಡಿದು ಆರಿಸಲು ಹೋದರು. ಬಡಿದ ರಭಸಕ್ಕೆ ಜ್ವಾಲೆ ಪಕ್ಕದ ತೆರೆಗಳಿಗೆ ಹಾರಿತು, ಅಲ್ಲಿಂದ ಮರದ ಚಾವಣಿಗೆ. ಗಂಡಸರ ಕಡೆಯವರು ಹೆಚ್ಚಾಗಿ ಹೊರಬಿದ್ದರು. ಹೆಂಗಸರು ಮುಖ್ಯ ಬಾಗಿಲಿಗೆ ನುಗ್ಗಿದರು. ಆ ಕಾಲದ ದೊಡ್ಡ ಸುತ್ತಳತೆಯ ಲಂಗಗಳು ಒಂದಕ್ಕೊಂದು ತೊಡರಿ, ಮುಂದಿನವರು ಬಿದ್ದು, ಅವರ ಮೇಲೆ ಹಿಂದಿನವರು ಬಿದ್ದು, ಬಾಗಿಲಿನಲ್ಲಿಯೇ ಮನುಷ್ಯರ ಗೋಡೆಯೊಂದು ಎದ್ದಿತು. ಹೊರಗಿನವರು ಕೈ ಹಿಡಿದು ಎಳೆದರೂ ಒಬ್ಬೊಬ್ಬರನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಕೊನೆಗೆ ಗೋಪುರ ಘಂಟೆಗಳ ಸಮೇತ ಒಳಕ್ಕೆ ಕುಸಿಯಿತು. ಸತ್ತವರು 2,000ದಿಂದ 3,000. ಸುಮಾರು ಒಂದು ಲಕ್ಷ ಜನರಿದ್ದ ಊರಿನಲ್ಲಿ! ಗುರುತು ಹಿಡಿಯಲಾಗದ ಅಷ್ಟೂ ಶರೀರಗಳನ್ನು ಸ್ಮಶಾನದ ಒಂದೇ ದೊಡ್ಡ ಗುಂಡಿಯಲ್ಲಿ ಹೂಳಿದರು. ಎಷ್ಟೋ ಮನೆಗಳಲ್ಲಿ ತಾಯಿ, ಹೆಣ್ಣುಮಕ್ಕಳು, ಮನೆಗೆಲಸದವಳು ಎಲ್ಲರೂ ಒಂದೇ ಸಂಜೆ ಹೋಗಿದ್ದರು.

ಗುರುಗಳ ಮೇಲೆ ಕಟುವಾದ ಆರೋಪಗಳು ಬಂದವು. ಅವುಗಳಲ್ಲಿ ಎಷ್ಟು ನಿಜ, ಎಷ್ಟು ರಾಜಕೀಯ ದ್ವೇಷ ಎಂದು ಅಲ್ಲಿಯ ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಆದರೆ ದೇವಮಾತೆಯೇ ಅವರನ್ನು ತನ್ನ ಬಳಿಗೆ ಕರೆದುಕೊಂಡರು ಎಂಬ ಧಾಟಿಯ ಸಾಂತ್ವನ ಆ ದಿನಗಳಲ್ಲಿ ಜನರ ದುಃಖವನ್ನು ಕೋಪವಾಗಿಸಿತು. ಗುರುವಾಗಿ ನಾನು ಇದನ್ನು ಓದುವಾಗ ಆ ಕೋಪವನ್ನು ತಪ್ಪೆನ್ನಲಾರೆ. ಸತ್ತವರನ್ನು ದೇವರು ತನ್ನ ಮಡಿಲಿಗೆ ತೆಗೆದುಕೊಂಡರು ಎಂಬುದು ನಮ್ಮ ವಿಶ್ವಾಸ. ಬಾಗಿಲು ಮುಚ್ಚಿದವರು ಮಾತ್ರ ಮನುಷ್ಯರು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡನೆಯದನ್ನು ಮೊದಲನೆಯದರ ಹಿಂದೆ ಬಚ್ಚಿಡುವುದು ಸತ್ತವರಿಗೂ ದೇವರಿಗೂ ಮಾಡುವ ಅನ್ಯಾಯ.

ನಾನು ಈ ಘಟನೆಯನ್ನು ಆರಿಸಿಕೊಂಡದ್ದು ಆಮೇಲೆ ನಡೆದದ್ದಕ್ಕಾಗಿ. ಬೆಂಕಿ ಬಿದ್ದಾಗ ಸಾಂತಿಯಾಗೊದಲ್ಲಿ ಹೇಳಿಕೊಳ್ಳುವಂಥ ಅಗ್ನಿಶಾಮಕ ವ್ಯವಸ್ಥೆಯೇ ಇರಲಿಲ್ಲ. ಬಂದರು ಪಟ್ಟಣ ವಾಲ್ಪರೈಸೊದಲ್ಲಿ 1851ರಿಂದಲೇ ಸ್ವಯಂಸೇವಕರ ದಳವಿತ್ತು, ರಾಜಧಾನಿಯಲ್ಲಿರಲಿಲ್ಲ. ದುರಂತವಾದ ಎರಡು ಮೂರು ದಿನಕ್ಕೇ ಹೊಸೆ ಲೂಯಿಸ್ ಕ್ಲಾರೊ ಎಂಬುವರು ಅಲ್ಲಿಯ ಪತ್ರಿಕೆಯಲ್ಲಿ ಸಣ್ಣದೊಂದು ಪ್ರಕಟಣೆ ಹಾಕಿಸಿದರು. ಅಗ್ನಿಶಾಮಕ ದಳ ಕಟ್ಟಬೇಕೆಂಬ ಮನಸ್ಸಿರುವ ಯುವಕರು ಇದೇ 14ರಂದು ಮಧ್ಯಾಹ್ನ ಬರಬೇಕು, ಇಂಥ ಜಾಗದಲ್ಲಿ ಸೇರೋಣ ಎಂದಷ್ಟೇ. ಊರು ಇನ್ನೂ ಹೆಣಗಳನ್ನು ಹೂಳಿ ಮುಗಿಸಿರಲಿಲ್ಲ ಎನ್ನುವಷ್ಟು ಬೇಗ. ಯುವಕರು ಬಂದರು. ಡಿಸೆಂಬರ್ 20ರಂದು, ದೇವಾಲಯ ಸುಟ್ಟ ಹನ್ನೆರಡನೆಯ ದಿನ, ಸಾಂತಿಯಾಗೊ ಅಗ್ನಿಶಾಮಕ ದಳ ಹುಟ್ಟಿತು. ಅಂದಿನಿಂದ ಇಂದಿನವರೆಗೆ ಆ ದಳದವರು ಸಂಬಳ ತೆಗೆದುಕೊಳ್ಳುವುದಿಲ್ಲ. ಸಾಂತಿಯಾಗೊದಲ್ಲಿ ಮಾತ್ರವಲ್ಲ, ಚಿಲಿ ದೇಶದ ಅಗ್ನಿಶಾಮಕರೆಲ್ಲರೂ ಸ್ವಯಂಸೇವಕರೇ. ವಕೀಲರು, ಮೇಷ್ಟ್ರುಗಳು, ಅಂಗಡಿಯವರು, ವಿದ್ಯಾರ್ಥಿಗಳು. ತಮ್ಮ ತಮ್ಮ ಕಂಪನಿಗೆ ತಿಂಗಳ ವಂತಿಗೆಯನ್ನೂ ತಾವೇ ಕಟ್ಟುತ್ತಾರೆ. ನಮ್ಮಲ್ಲಿ ಭಜನಾ ಮಂಡಳಿಗೋ ಯುವಕ ಸಂಘಕ್ಕೋ ಕಟ್ಟುವ ಹಾಗೆ.

ದೇವಾಲಯವನ್ನು ಮತ್ತೆ ಕಟ್ಟಲಿಲ್ಲ. ಗೋಡೆಗಳನ್ನು ಕೆಡವಿದರು. ಆ ಜಾಗ ಇಂದು ಹಳೆಯ ಸಂಸತ್ ಭವನದ ತೋಟ. ಕುಸಿದ ಗೋಪುರದ ಘಂಟೆಗಳು ಹಳೆ ಲೋಹವಾಗಿ ಮಾರಾಟವಾಗಿ, ಸಮುದ್ರ ದಾಟಿ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಆಯ್‌ಸ್ಟರ್‌ಮೌತ್ ಎಂಬ ಊರಿನ ದೇವಾಲಯ ಸೇರಿದ್ದವು. ಆ ಊರಿನವರು 2010ರಲ್ಲಿ ಅವುಗಳನ್ನು ಚಿಲಿಗೆ ಹಿಂತಿರುಗಿಸಿದರು.

ನಮ್ಮ ನಾಡಿನ ಲೆಕ್ಕವೇನು? ಹಬ್ಬ, ಮದುವೆ, ಆಟ, ಮನರಂಜನೆ, ಇವುಗಳ ನಡುವೆಯೇ ನಮ್ಮ ದೊಡ್ಡ ಬೆಂಕಿಗಳೂ ಬಿದ್ದಿವೆ. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟದ್ದು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ. ರೀಜೆಂಟರಾಗಿದ್ದ ಕೆಂಪನಂಜಮ್ಮಣ್ಣಿಯವರು ಹೆನ್ರಿ ಇರ್ವಿನ್‌ರಿಂದ ಹೊಸ ಅರಮನೆ ಕಟ್ಟಿಸಿದರು. 1912ರಲ್ಲಿ ಮುಗಿದ ಆ ಅರಮನೆ ಮರವನ್ನು ನೆಚ್ಚದೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣವನ್ನು ನೆಚ್ಚಿದೆ. ದಸರೆಗೆ ಹೋಗಿ ಬೆರಗಾಗಿ ನೋಡುವ ಕಂಬಗಳ ಹಿಂದೆ ಒಂದು ಬೆಂಕಿಯ ಪಾಠವಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣದ ವೇಳೆ 62 ಜನ ಸತ್ತರು. ಆ ಮನೆಗಳವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. 2004ರ ಜುಲೈ 16ರಂದು ನೆರೆಯ ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯ ಅಡುಗೆಮನೆಯ ಬೆಂಕಿ ತೆಂಗಿನ ಗರಿಯ ಚಾವಣಿಗೆ ತಾಗಿ 94 ಮಕ್ಕಳು ತೀರಿಕೊಂಡರು. ಬಟ್ಟೆ, ಗೋಣಿ, ಗರಿ, ಇಕ್ಕಟ್ಟಾದ ದಾರಿ, ಬೀಗ. ಸಾಂತಿಯಾಗೊದ ವಿವರಗಳೇ ಮತ್ತೆ ಮತ್ತೆ.

ಸರ್ಕಾರ ಸುಮ್ಮನೆ ಕೂತಿಲ್ಲ ಎನ್ನಬೇಕು. 1964ರಲ್ಲಿ ಅಗ್ನಿಶಾಮಕ ದಳದ ಕಾಯಿದೆ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಠಾಣೆಗಳಾದವು. 101ಕ್ಕೋ 112ಕ್ಕೋ ಫೋನು ಮಾಡಿದರೆ ಇಂಜಿನ್ ಹೊರಡುತ್ತದೆ. ಆದರೆ ಹೆಡತಲೆಯಂಥ ಹಳ್ಳಿಗೆ ಅದು ತಾಲ್ಲೂಕು ಕೇಂದ್ರದಿಂದಲೇ ಬರಬೇಕು. ಇಂಜಿನ್ ಎಷ್ಟೇ ವೇಗವಾಗಿ ಬಂದರೂ ಹುಲ್ಲಿನ ಮೆದೆ ಅದಕ್ಕಾಗಿ ಕಾಯುವುದಿಲ್ಲ. ಬೆಂಕಿ ಬಿದ್ದ ಮೊದಲ ಹತ್ತು ಹದಿನೈದು ನಿಮಿಷ ಊರಿನವರದೇ. ಅಂಥವರಿಗೆ ತರಬೇತಿ ಕೊಡಲು ದಾರಿಗಳು ಇಲ್ಲದಿಲ್ಲ. 1962ರ ಕಾಯಿದೆಯಡಿ ನಮ್ಮ ರಾಜ್ಯದಲ್ಲಿ ಗೃಹರಕ್ಷಕ ದಳವಿದೆ. ಬೇರೆ ಕೆಲಸ ಮಾಡಿಕೊಂಡೇ ಸಮವಸ್ತ್ರ ತೊಟ್ಟು ಸೇವೆಗೆ ಬರುವ ಸಾಮಾನ್ಯ ಜನ ಅವರು. ಆಪತ್ತಿನಲ್ಲಿ ನೆರವಾಗಲು ಊರಿನ ಯುವಕ ಯುವತಿಯರಿಗೆ ತರಬೇತಿ ಕೊಡುವ ಆಪದ ಮಿತ್ರ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರ 2016ರಲ್ಲಿ ತಂದಿತು. ಠಾಣೆಯವರೂ ಕೇಳಿಕೊಂಡರೆ ಶಾಲೆಗೋ ಚರ್ಚಿಗೋ ಬಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ಕೇಳುವವರು ಕಡಿಮೆ ಅಷ್ಟೆ.

ತಾವಾಗಿಯೇ ಓಡಿ ಹೋಗುವ ಗುಣ ನಮ್ಮವರಲ್ಲಿ ಸತ್ತಿಲ್ಲ ಎಂಬುದನ್ನು 2019ರ ಫೆಬ್ರವರಿಯಲ್ಲಿ ಕಂಡೆವು. ಬಂಡೀಪುರದ ಕಾಡಿಗೆ ಬೆಂಕಿ ಬಿದ್ದು ಐದಾರು ದಿನ ಉರಿಯಿತು. ಆ ಅಭಯಾರಣ್ಯದ ಹೆಡಿಯಾಲ ವಲಯ ನಮ್ಮ ನಂಜನಗೂಡು ತಾಲ್ಲೂಕಿಗೇ ಸೇರಿದ್ದು. ಹೊಗೆ ನಮಗೆ ದೂರದ ಸುದ್ದಿಯಾಗಿರಲಿಲ್ಲ. ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಿತ್ತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಅದಕ್ಕೂ ಮುಂಚೆ, ಅದರ ಜೊತೆಯಲ್ಲೂ, ಅರಣ್ಯ ಇಲಾಖೆಯವರು ಮತ್ತು ಕಾಡಂಚಿನ ಜನರ ಸಂಗಡ ಮೈಸೂರು, ಬೆಂಗಳೂರು ಮುಂತಾದ ಕಡೆಗಳಿಂದ ನೂರಾರು ಯುವಕ ಯುವತಿಯರು ಬಂದು ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದರು, ನೀರು ಹೊತ್ತರು, ಊಟ ಹಂಚಿದರು. ಆದರೆ ಉತ್ಸಾಹ ಒಂದೇ ಸಾಲದು. ಅದೇ ಕಾಡಿನ ಕಲ್ಕೆರೆ ವಲಯದಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಅದಕ್ಕೇ ಬಲಿಯಾಗಿದ್ದರು, ಅವರು ಕಾಡನ್ನು ಬಲ್ಲವರು. ಗಾಳಿ ತಿರುಗುವುದನ್ನು ಅರಿಯದವನು ಕಾಡಿನ ಬೆಂಕಿಗೆ ಹೋದರೆ ಕಾಪಾಡಬೇಕಾದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ.

ಇಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತನ್ನು ನೆನೆಯದೆ ಮುಂದೆ ಹೋಗಲಾರೆ. ಅವರಲ್ಲಿ ತರಗು ಬೆಂಕಿ ಎಂಬುದಿತ್ತು. ಬೇಸಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವವಿರುವಾಗ, ಉದುರಿದ ಎಲೆಗಳಿಗಷ್ಟೇ ಹಾಕುವ ಸಣ್ಣ ಬೆಂಕಿ. ಅದು ಮರವನ್ನು ಸುಡುತ್ತಿರಲಿಲ್ಲ, ಮುಂದೆ ಬರುವ ದೊಡ್ಡ ಬೆಂಕಿಗೆ ಮೇವು ಉಳಿಸುತ್ತಿರಲಿಲ್ಲ. ಅಭಯಾರಣ್ಯದ ಕಾನೂನು ಬಂದ ಮೇಲೆ ಅದು ನಿಂತಿತು. ಆಮೇಲೆಯೇ ಲಂಟಾನ ಈ ಪರಿ ಹಬ್ಬಿದ್ದು, ಈಗ ಬೆಂಕಿ ಬಿದ್ದರೆ ಮರದ ತಲೆಗೇ ಏರುತ್ತದೆ ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ವಿಜ್ಞಾನಿಗಳು ಕೆಲವರು ಅವರ ಮಾತಿಗೆ ಕಿವಿಗೊಟ್ಟು ಬರೆದಿದ್ದಾರೆ.

ನಮ್ಮ ದೇವಾಲಯಗಳ ಮಾತಿಗೆ ಬರುತ್ತೇನೆ. ಪ್ಯಾರಿಸಿನ ನೋತ್ರದಾಮ್ ಮಹಾದೇವಾಲಯಕ್ಕೆ ಬೆಂಕಿ ಬಿದ್ದದ್ದು 2019ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ. ಎಚ್ಚರಿಕೆಯ ಘಂಟೆ ಸಮಯಕ್ಕೆ ಸರಿಯಾಗಿಯೇ ಬಾರಿಸಿತು. ಆದರೆ ನೋಡಲು ಹೋದವರು ಬೇರೆ ಜಾಗಕ್ಕೆ ಹೋದರು. ಹಾಗೆ ಕಳೆದದ್ದು ಸುಮಾರು ಅರ್ಧ ಗಂಟೆ. ಉಪಕರಣವಿತ್ತು, ಅದರ ಭಾಷೆ ಬಲ್ಲವರು ಆ ಗಳಿಗೆಯಲ್ಲಿ ಇರಲಿಲ್ಲ. ಅಗ್ನಿಶಾಮಕರ ಗುರುಗಳಾದ ಫಾದರ್ ಜೀನ್ ಮಾರ್ಕ್ ಫೂರ್ನಿಯೆ ಅವರು ಒಳಗೆ ಹೋಗಿ ಪರಮಪ್ರಸಾದವನ್ನು ಹೊರತಂದದ್ದನ್ನೂ, ಯೇಸುಸ್ವಾಮಿಯ ಮುಳ್ಳಿನ ಕಿರೀಟವನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿದ್ದನ್ನೂ ನೀವು ಓದಿರುತ್ತೀರಿ. ದುರಸ್ತಿಯಾದ ಆ ದೇವಾಲಯದಲ್ಲಿ ಮೊದಲ ಬಲಿಪೂಜೆ ನಡೆದದ್ದು 2024ರ ಡಿಸೆಂಬರ್ 8ರಂದು. ಹಿಂದಿನ ಸಂಜೆ ಅಗ್ನಿಶಾಮಕರು ಒಳಗೆ ನಡೆದು ಬಂದಾಗ ಸೇರಿದ್ದವರೆಲ್ಲ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಈ ತಿಂಗಳು ನಮ್ಮ ಧರ್ಮಕೇಂದ್ರಗಳಲ್ಲೂ ಕೆಲಸ ಜೋರು. ಗೋದಲಿ ಕಟ್ಟುವ ಹುಡುಗರು ಈಗಾಗಲೇ ಬಿದಿರು ಕಡಿದಿರುತ್ತಾರೆ. ಒಣಹುಲ್ಲು, ಹತ್ತಿ, ಥರ್ಮಾಕೋಲು, ಬಣ್ಣದ ಕಾಗದ, ಇವುಗಳ ನಡುವೆ ಸೀರಿಯಲ್ ಸೆಟ್ಟು, ಅದಕ್ಕೆ ಎಲ್ಲಿಂದಲೋ ಎಳೆದ ತಂತಿ, ತಂತಿಯ ಸೇರಿಕೆಗೆ ಸುತ್ತಿದ ಪ್ಲಾಸ್ಟಿಕ್ಕು. ಬಾಲಯೇಸುವಿನ ಮುಂದೆ ಯಾರೋ ಭಕ್ತಿಯಿಂದ ಹಚ್ಚಿಟ್ಟು ಹೋದ ಮೇಣದ ಬತ್ತಿ. ಸೌಂದರ್ಯಕ್ಕೆ ನನ್ನ ಅಡ್ಡಿಯಿಲ್ಲ. ಗೋದಲಿ ಇಲ್ಲದ ಕ್ರಿಸ್ಮಸ್ಸನ್ನು ನಾನೂ ಕಲ್ಪಿಸಿಕೊಳ್ಳಲಾರೆ. ಬತ್ತಿಗಳನ್ನು ಗೋದಲಿಯಿಂದ ನಾಲ್ಕು ಮಾರು ದೂರ ಮರಳು ತುಂಬಿದ ತಟ್ಟೆಯಲ್ಲಿ ಇಡಿಸಬಹುದು. ತಂತಿ ಎಳೆಯುವ ಕೆಲಸವನ್ನು ಎಲೆಕ್ಟ್ರಿಷಿಯನ್ ಆದವರಿಗೇ ಕೊಡಬಹುದು. ಪ್ರತಿ ಧರ್ಮಕೇಂದ್ರದಲ್ಲೂ ಒಬ್ಬರಾದರೂ ಇರುತ್ತಾರೆ, ಅವರನ್ನು ಕೇಳುವುದಿಲ್ಲ ಅಷ್ಟೆ. ರಾತ್ರಿ ಎಲ್ಲರೂ ಮನೆಗೆ ಹೋಗುವಾಗ ಮೇನ್ ಸ್ವಿಚ್ಚು ಆರಿಸಿ ಹೋಗಬಹುದು. ಕರೆಂಟಿನ ಬೆಂಕಿಗೆ ನೀರು ಸುರಿಯಬಾರದು, ಎಣ್ಣೆಯ ಬೆಂಕಿಗೂ ಸುರಿಯಬಾರದು, ಮೈಮೇಲಿನ ಬಟ್ಟೆ ಹತ್ತಿದರೆ ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು ಅಥವಾ ಕಂಬಳಿ ಸುತ್ತಬೇಕು. ಜ್ಞಾನೋಪದೇಶದ ಮಕ್ಕಳಿಗೆ ಒಂದು ಭಾನುವಾರ ಇದನ್ನು ಹೇಳಿಕೊಟ್ಟರೆ ಅವರು ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿಕೊಡುತ್ತಾರೆ.

ಬಾಗಿಲುಗಳದು ಬೇರೆಯೇ ಮಾತು. ನಡುರಾತ್ರಿ ಪೂಜೆಗೆ ವರ್ಷದಲ್ಲಿ ಒಂದು ಸಲ ಬರುವವರೂ ಬರುತ್ತಾರೆ. ಚಳಿಗಾಳಿ ಬರುತ್ತದೆಂದು ಪಕ್ಕದ ಬಾಗಿಲು ಮುಚ್ಚುತ್ತೇವೆ, ಮುಚ್ಚಿದ ಬಾಗಿಲಿಗೆ ಅಡ್ಡಲಾಗಿ ಎರಡು ಸಾಲು ಕುರ್ಚಿ ಹಾಕುತ್ತೇವೆ. ಗೇಟಿನ ಮುಂದೆ ಬೈಕುಗಳ ಸಾಲು. ಸಕ್ರಿಸ್ತಿಯ ಹಿಂಬಾಗಿಲಿನ ಬೀಗದ ಕೈ ಯಾರ ಬಳಿ ಎಂದರೆ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಪಾಲನಾ ಸಮಿತಿಯ ನಾಲ್ಕು ಜನ ದೇವಾಲಯವನ್ನು ಒಂದು ಸುತ್ತು ಹಾಕಿದರೆ ಹತ್ತು ನಿಮಿಷ ಹಿಡಿಯುತ್ತದೆ. ಯಾವ ಬಾಗಿಲು ಒಳಕ್ಕೆ ತೆರೆಯುತ್ತದೆ, ಯಾವುದರ ಚಿಲಕ ತುಕ್ಕು ಹಿಡಿದಿದೆ, ಹತ್ತಿರದ ನಲ್ಲಿ ಎಲ್ಲಿದೆ, ನೀರಿನ ಟ್ಯಾಂಕರ್ ಯಾರ ಮನೆಯಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಕಿರು ಕ್ರೈಸ್ತ ಸಮುದಾಯಗಳಿಂದ ಇಬ್ಬಿಬ್ಬರು ಯುವಜನರು ಆ ರಾತ್ರಿ ಬಾಗಿಲ ಬಳಿ ನಿಲ್ಲಲು ಒಪ್ಪಿಕೊಂಡರೆ ಅವರಿಗೆ ಪರಮಪ್ರಸಾದವನ್ನು ನಾವು ಗುರುಗಳೇ ಅಲ್ಲಿಗೆ ತಂದು ಕೊಡುತ್ತೇವೆ.